ಲಂಡನ್ ಮಾವ ಬಿಟ್ಟ ಮೀನು

ಮೊನ್ನೆ ಭಾನುವಾರ ನನ್ನ ಮಗಳು ಮೇಲಿನ ಗೂಡಿನಿಂದ ಏನನ್ನೋ ತೆಗೆಯಲು ಹೋಗಿ ಕಸ್ಟರ್ಡ್ ಪುಡಿಯ ಪೊಟ್ಟಣವನ್ನು ಕೆಳಗಿದ್ದ ರಾಗಿಹಿಟ್ಟಿನ ಡಬ್ಬಕ್ಕೇ ಬೀಳಿಸಿದಳು. ಡಬ್ಬದ ಮುಚ್ಚಳ ತೆಗೆದಿಟ್ಟವಳು ನಾನೇ, ಆದರೂ ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಆ ವಾಸನೆ ಬಂತು. ಹಸಿ ರಾಗಿಹಿಟ್ಟು, ಅದರ ಮೇಲೆ ವೆನಿಲ್ಲಾದ ಸಿಹಿ... ಬೈಯುವುದು ಮರೆತೇಹೋಯಿತು. “ಮೀನಿನ ವಾಸನೆ ಬರ್ತಿದೆ ಕಣೇ” ಎಂದೆ. ಮಗಳು ಡಬ್ಬವನ್ನು ಮೂಗಿಗೆ ಹಿಡಿದು ನೋಡಿ, “ಅಮ್ಮ, ನಿಂಗೆ ಬರ್ತಾ ಬರ್ತಾ ಏನೇನೋ ಆಗ್ತಿದೆ” ಎಂದು ನಕ್ಕಳು. ಅವಳಿಗೇನು ಗೊತ್ತು ಪಾಪ. ಆ ವಾಸನೆ ನಮ್ಮ ಮನೆಯಲ್ಲಿ ಹರಡಿದ್ದಾಗ ಅವಳು ನನ್ನ ಹೊಟ್ಟೆಯಲ್ಲಿದ್ದಳು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನ್ನ ತವರು ಅಮೃತಹಳ್ಳಿ, ಕೊಟ್ಟದ್ದು ಹೆಬ್ಬಾಳದ ಊರೊಳಗೆ. ಎರಡರ ನಡುವೆ ನಡೆದೇ ಹೋಗಿಬರುವಷ್ಟು ದೂರ. ನಮ್ಮ ಯಜಮಾನರಿಗೆ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸ. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ನಾವಿಬ್ಬರು, ಮತ್ತೆ ಹೊರಗಿನ ಕೋಣೆಯಲ್ಲಿ ಅತ್ತೆಯ ಒಬ್ಬನೇ ತಮ್ಮ. ನಮ್ಮ ಯಜಮಾನರ ಸೋದರಮಾವ.

ಅವರು ಇಂಗ್ಲೆಂಡಿನ ಯಾವುದೋ ಫ್ಯಾಕ್ಟರಿ ಊರಿನಲ್ಲಿ ಹದಿನೆಂಟು ವರ್ಷ ಲೇತ್ ಯಂತ್ರದ ಮುಂದೆ ನಿಂತು, ಮದುವೆಯನ್ನೂ ಮಾಡಿಕೊಳ್ಳದೆ, ಅಕ್ಕನ ಮನೆಗೆ ಬಂದು ಬಿದ್ದವರು. ಲಂಡನ್ನನ್ನು ನೋಡಿದ್ದು ಹೋಗುವಾಗೊಮ್ಮೆ, ಬರುವಾಗೊಮ್ಮೆ. ಆದರೂ ಊರಿಗೆಲ್ಲ ಅವರು ಲಂಡನ್ ಮಾವ. ತಿಂದ ತಟ್ಟೆಯನ್ನು ತಾವೇ ತೊಳೆದಿಡುತ್ತಿದ್ದರು. ಗಂಡಸೊಬ್ಬ ತಟ್ಟೆ ತೊಳೆಯುವುದನ್ನು ನಾನು ಮೊದಲು ಕಂಡದ್ದು ಅಲ್ಲೇ, ಹಿತ್ತಲ ಬಾಗಿಲಲ್ಲಿ ನಿಂತು ಬಾಯಿ ತೆರೆದುಕೊಂಡು ನೋಡಿದ್ದೆ. ಅವರ ಸಾಮಾನಿನ ಜೊತೆ ಕ್ಯಾನ್ವಾಸ್ ಚೀಲದಲ್ಲಿ ಸುತ್ತಿದ ಗಾಳದ ಕೋಲುಗಳು ಬಂದಿದ್ದವು. ಬಂದ ದಿನವೇ ಅವನ್ನು ಅಟ್ಟಕ್ಕೆ ಹಾಕಿದ್ದರು. ಹೆಬ್ಬಾಳದ ಕೆರೆ ಕಣ್ಣೆದುರಿಗೇ ಇರುವಾಗ ಗಾಳ ಯಾಕೆ ಹಾಕಲ್ಲ ಮಾವ ಎಂದು ಯಾರಾದರೂ ಕೇಳಿದರೆ, “ಇಲ್ಲಿ ಬೇಡ ಬಿಡಿ” ಎಂದು ಪೇಪರಿನೊಳಗೆ ಮುಖ ಹುದುಗಿಸುತ್ತಿದ್ದರು.

ಈ ಮಗಳಿಗೆ ಮೊದಲು ನನಗೆ ಎರಡು ಬಸಿರು ಹೋಗಿದ್ದವು. ಒಂದು ಮೂರು ತಿಂಗಳಿಗೆ, ಇನ್ನೊಂದು ಐದಕ್ಕೆ. ಐದರದ್ದು ಹೋದಾಗ ನಾನು ಹದಿನೈದು ದಿನ ಯಾರ ಜೊತೆಯೂ ಮಾತಾಡಿರಲಿಲ್ಲ. ಈ ಸಲ ಐದು ದಾಟಿ ಆರಕ್ಕೆ ಬಿದ್ದಿತ್ತು. ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದುಕೊಂಡೇ ಓಡಾಡುತ್ತಿದ್ದರು. ಆಗ ನನಗೆ ಬಯಕೆ ಹತ್ತಿತು, ಕೆರೆ ಮೀನಿನ ಸಾರು. ತವರಲ್ಲಿ ನಮ್ಮವ್ವ ಮಾಡುತ್ತಿದ್ದಂಥ, ಹುಣಸೆಹುಳಿ ಮುಂದಾದ, ಮುದ್ದೆಗೆ ಹೇಳಿ ಮಾಡಿಸಿದಂಥ ಸಾರು. ಅವ್ವ ಆಗಲೇ ಇರಲಿಲ್ಲ. ಅವಳ ಕೈ ರುಚಿ ನಾಲಿಗೆ ಮೇಲೆ ಕೂತುಬಿಟ್ಟು, ಬೇರೇನು ತಿಂದರೂ ಕಕ್ಕುತ್ತಿದ್ದೆ.

ಆ ವರ್ಷ ಕೆರೆಯ ಗುತ್ತಿಗೆ ಹಿಡಿದವನು ಮೀನುಮರಿ ಬಿಟ್ಟಿದ್ದ. ಬಲೆ ಬೀಸುವಂತಿರಲಿಲ್ಲ. ಒಂದೆರಡು ಗಾಳ ಹಾಕುವವರನ್ನು ಕಂಡೂ ಕಾಣದಂತೆ ಇರುತ್ತಿದ್ದ, ಅಷ್ಟೆ. ಯಜಮಾನರು ಶಿವಾಜಿನಗರದಿಂದ ಐಸಿನಲ್ಲಿಟ್ಟ ಸಮುದ್ರದ ಮೀನು ತಂದರು. ಅದರ ವಾಸನೆಗೇ ನಾನು ಹಿತ್ತಲಿಗೆ ಓಡಿದೆ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ಮಾತು. ಅತ್ತೆಗೆ ಕಿವಿಯ ಚಿಂತೆಯಲ್ಲ, ಮಗು ನಿಲ್ಲುತ್ತದೋ ಇಲ್ಲವೋ ಎಂಬ ಚಿಂತೆ. ಒಂದು ಸಂಜೆ ತಮ್ಮನ ಮುಂದೆ ಹೋಗಿ ಸೊಂಟಕ್ಕೆ ಕೈಕೊಟ್ಟು ನಿಂತರು.

“ಲೋ, ಅಷ್ಟು ದೂರದಿಂದ ಗಾಳ ಒತ್ಕಂಬಂದು ಅಟ್ಟದ ಮ್ಯಾಲೆ ಇಲಿ ಹಿಡಿಯಾಕೆ ಇಕ್ಕಿದ್ಯಾ? ನನ್ ಸೊಸೆಗೆ ಒಂದು ಮೀನು ತಂದ್ಕೊಡು.”

ಅವರು ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು. “ತರ್ತೀನಿ ಅಕ್ಕ” ಎಂದರು.

ಶನಿವಾರವೆಲ್ಲ ಅದರದ್ದೇ ತಯಾರಿ. ಕೋಲು, ದಾರ, ಗಾಳ, ತೇಲಲು ಒಂದು ಬೆಂಡು, ಚುಚ್ಚಲು ಒಂದು ಎರೆಹುಳು, ನಮ್ಮವರ ಮೀನು ಹಿಡಿಯುವ ಸಂಸಾರ ಇಷ್ಟೇ. ಅವರ ಪೆಟ್ಟಿಗೆಯಲ್ಲಿ ಒಂದೊಂದಕ್ಕೂ ಹತ್ತು ಬಗೆ. ಹರಿಯುವ ನೀರಿಗೆ ಒಂದು ಬೆಂಡು, ನಿಂತ ನೀರಿಗೆ ಇನ್ನೊಂದು, ಗಾಳಿ ಬೀಸಿದರೆ ಮತ್ತೊಂದು. ನಮ್ಮ ಗಾಳಕ್ಕೆ ಮೊನೆಯ ಹಿಂದೆ ಸಣ್ಣ ಮುಳ್ಳಿರುತ್ತದೆ, ಕಚ್ಚಿದ ಮೀನು ಜಾರದಿರಲಿ ಎಂದು. ಅವರ ಗಾಳಗಳಲ್ಲಿ ಆ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿತ್ತು. ಯಾಕೆ ಎಂದರೆ “ಅಲ್ಲಿ ಹಾಗೆ” ಎಂದರು. ನಮ್ಮಲ್ಲಿ ಗಾಳ ಹಾಕಲು ಹೊರಟವನನ್ನು ಎಲ್ಲಿಗೆ ಎಂದು ಕೇಳಬಾರದು, ಹಿಡಿದದ್ದನ್ನು ಎಣಿಸಬಾರದು. ಅಲ್ಲಿ ಎಣಿಸುವುದಷ್ಟೇ ಅಲ್ಲ, ತೂಕ ಮಾಡಿ ಎಲ್ಲರಿಗೂ ಹೇಳಿಕೊಂಡು ಬರುವುದಂತೆ.

ಅವರು ರಾಗಿಹಿಟ್ಟಿಗೆ ಕಸ್ಟರ್ಡ್ ಪುಡಿ ಬೆರೆಸಿ ನಾದಲು ಶುರುಮಾಡಿದಾಗ ಅತ್ತೆಗೆ ಸಂಕಟವಾಯಿತು. ಮನುಷ್ಯರಿಗೇ ಗತಿಯಿಲ್ಲದ ಪದಾರ್ಥ, ಮೀನಿಗೆ ಪಾಯಸವಾ ಎಂದು ಗೊಣಗಿದರು. ಇದು ಏನೂ ಅಲ್ಲ ಅಕ್ಕ ಎಂದು ಅವರು ಮಾತಿಗೆ ಮಾತು ಬಂದು ಹೇಳಿದರು: ಅಲ್ಲಿಯವರು ನೊಣದ ಹುಳುಗಳನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದು ಫ್ರಿಜ್ಜಿನಲ್ಲಿ ಇಡುತ್ತಾರಂತೆ, ಹಾಲಿನ ಪಕ್ಕದಲ್ಲಿ. ಚಳಿಗೆ ಹುಳು ಮರಗಟ್ಟಿ ಮಿಸುಕಾಡದೆ ಹೋದರೆ ಕೆಳದುಟಿಯ ಒಳಗಿಟ್ಟು ಬೆಚ್ಚಗೆ ಮಾಡಿ ಗಾಳಕ್ಕೆ ಚುಚ್ಚುತ್ತಾರಂತೆ. ಖಾರ ರುಬ್ಬುತ್ತಿದ್ದ ಅತ್ತೆಯ ಕೈ ನಿಂತಿತು.

“ನೀನೂ ಇಕ್ಕಂಡಿದ್ದಾ ಬಾಯಾಗೆ?”

ಅವರು ತಲೆ ಎತ್ತದೆ ಹಿಟ್ಟು ನಾದುತ್ತಲೇ ಇದ್ದರು. ಅವತ್ತಿನಿಂದ ಮನೆಯಲ್ಲಿ ಅವರ ನೀರಿನ ಲೋಟವೇ ಬೇರೆಯಾಯಿತು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ತಿಂಗಳುಗಟ್ಟಲೆ ಆದ ಮೇಲೆ ನಾನು ಹಾಗೆ ನಕ್ಕದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಅವರು ಹೊರಟರು, ಹಿಂದೆ ಯಜಮಾನರು ಚೀಲ ಹಿಡಿದು ಹೋದರು. ಅತ್ತೆ ಖಾರ ರುಬ್ಬಿಟ್ಟು, ಹುಣಸೆಹಣ್ಣು ಕಿವಿಚಿಟ್ಟು, ಮುದ್ದೆಗೆ ಎಸರಿಟ್ಟರು. ನಾನು ತಲೆಗೆ ಸ್ನಾನ ಮಾಡಿ, ಹಬ್ಬದ ದಿನದ ಹುಡುಗಿಯ ಹಾಗೆ ಬಾಗಿಲಲ್ಲಿ ಕೂತೆ.

ಕೆರೆಯ ಹತ್ತಿರ ನಡೆದದ್ದನ್ನು ಯಜಮಾನರು ಆಮೇಲೆ ಹೇಳಿದರು. ಹೊತ್ತು ನೆತ್ತಿಗೆ ಬರುವ ಮೊದಲು ದೊಡ್ಡದೊಂದು ಗೆಂಡೆ ಮೀನು ಕಚ್ಚಿತಂತೆ. ಕೋಲು ಬಿಲ್ಲಿನ ಹಾಗೆ ಬಾಗಿ, ಏರಿಯ ಮೇಲೆ ದನ ಮೇಯಿಸುತ್ತಿದ್ದವರೆಲ್ಲ ಇಳಿದುಬಂದು ನಿಂತರಂತೆ. ಮಾವ ಅವಸರ ಮಾಡದೆ, ದಾರ ಬಿಟ್ಟು, ಎಳೆದು, ಬಿಟ್ಟು, ಎಳೆದು, ಮೀನನ್ನು ದಡಕ್ಕೆ ತಂದರು. ಮಂಡಿಯೂರಿ ಕೂತರು. ಎರಡೂ ಕೈಯನ್ನು ನೀರಿನಲ್ಲಿ ಒದ್ದೆ ಮಾಡಿಕೊಂಡು ಮೀನನ್ನು ಹಿಡಿದರು, ಬಾಣಂತಿ ಕೋಣೆಯಲ್ಲಿ ಮಗುವನ್ನು ಹಿಡಿಯುವ ಹಾಗೆ ಇತ್ತು ಎಂದು ನಮ್ಮ ಯಜಮಾನರು ಹೇಳಿದ್ದು. ಗಾಳ ಬಿಡಿಸಿದರು. ಯಜಮಾನರು ಚೀಲದ ಬಾಯಿ ಅಗಲಿಸಿ ಬಗ್ಗಿದರು. ಮಾವ ಚೀಲದ ಕಡೆ ನೋಡಲೇ ಇಲ್ಲ. ಮೀನಿನ ಮೂತಿಯನ್ನು ಕೆರೆಯ ಕಡೆಗೆ ತಿರುಗಿಸಿ, ನೀರಿನಲ್ಲಿ ಒಂದಿಷ್ಟು ಹೊತ್ತು ಆನಿಸಿ ಹಿಡಿದು, ಅದು ಬಾಲ ಆಡಿಸಿದ್ದೇ ಕೈ ತೆಗೆದುಬಿಟ್ಟರು.

ಅವರು ಮಂಡಿಯೂರಿಕೊಂಡೇ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಆಮೇಲೆ ದನ ಕಾಯುವ ಮುದುಕನೊಬ್ಬ, “ಯಾವನಪ್ಪಾ ಇವ್ನು, ದೇವ್ರು ಕೊಟ್ಟಿದ್ನ ಒದ್ದು ಕಳಿಸ್ತವ್ನೆ” ಎಂದು ಕ್ಯಾಕರಿಸಿ ಉಗಿದು ಹೋದ.

ಮನೆಗೆ ಬಂದಾಗ ಅವರ ಪ್ಯಾಂಟಿನ ಮಂಡಿಯಲ್ಲಿ ಕೆಸರು ಒಣಗಿತ್ತು. ಯಜಮಾನರ ಕೈಯಲ್ಲಿ ಖಾಲಿ ಚೀಲ. ಅವರು ನಡೆದದ್ದು ಹೇಳುತ್ತಿದ್ದಂತೆ ಅತ್ತೆ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

“ಬಿಟ್ಬುಟ್ಟೆ ಅಂದ್ರೆ ಏನ್ಲಾ?”

“ಬಿಟ್ಬಿಟ್ಟೆ ಅಕ್ಕ. ಬಿಡಬೇಕು ಅಂತ ಅಲ್ಲ... ಕೈಯೇ ಬಿಟ್ಬಿಡ್ತು.”

ಅತ್ತೆ ಕೂಗಾಡುತ್ತಾರೆ ಎಂದುಕೊಂಡೆವು. ಅವರು ಒಳಗೆ ಹೋಗಿ, ರುಬ್ಬಿದ್ದ ಖಾರವನ್ನು ಪಾತ್ರೆಸಮೇತ ತಂದು ಹಿತ್ತಲ ತಿಪ್ಪೆಗೆ ಸುರಿದರು. ಒಂದು ಎಳೆ ಕೊತ್ತಂಬರಿಯನ್ನೂ ಹಾಳುಮಾಡದ ಹೆಂಗಸು. ಮೀನು ಹೋದದ್ದಕ್ಕಿಂತ ಆ ಖಾರ ತಿಪ್ಪೆ ಸೇರಿದ್ದು ನನಗೆ ಕೆಟ್ಟ ಶಕುನ ಅನ್ನಿಸಿತು. ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಆ ಗಳಿಗೆಯಲ್ಲಿ ಈ ಮನುಷ್ಯ ಹೋದ ದೇಶದಲ್ಲೇ ಇರಬಾರದಿತ್ತಾ ಎಂದು ಮನಸಾರೆ ಶಪಿಸಿದೆ.

ಮಾರನೇ ದಿನ ಬೆಳಿಗ್ಗೆ ಕಿಬ್ಬೊಟ್ಟೆ ಹಿಡಿದುಕೊಂಡಿತು. ಸ್ವಲ್ಪ ರಕ್ತ ಕಂಡಿತು ಕೂಡ. ಲೇಡಿ ಡಾಕ್ಟರು ಬಂದು ನೋಡಿ, ಇಂಜೆಕ್ಷನ್ ಕೊಟ್ಟು, ಮಂಚ ಬಿಟ್ಟು ಇಳಿಯಕೂಡದು ಎಂದು ಹೇಳಿ ಹೋದರು. ಯಾರೂ ಲಂಡನ್ ಮಾವನಿಗೆ ಒಂದು ಮಾತೂ ಆಡಲಿಲ್ಲ. ಅದೇ ದೊಡ್ಡ ಬೈಗುಳ. ಅವರು ನನ್ನ ಕೋಣೆಯ ಹೊಸ್ತಿಲಾಚೆ ನೆಲದ ಮೇಲೆ ಬಂದು ಕೂತರು, ಅತ್ತೆ ನನ್ನ ಕಾಲ ಬಳಿ ಇದ್ದರು. ಯಾರೂ ಕೇಳದೆಯೇ ಮಾವ ಹೇಳಲು ಶುರುಮಾಡಿದರು.

ಇಂಗ್ಲೆಂಡಿಗೆ ಹೋದ ಮೊದಲ ವರ್ಷ, ಫ್ಯಾಕ್ಟರಿಯವರ ಜೊತೆ ಒಂದು ಗಾಳದ ಕ್ಲಬ್ಬಿಗೆ ಸೇರಿದ್ದರಂತೆ. ಊರು ಹೊಸದು, ಚಳಿ, ಒಂಟಿತನ, ನೀರಿನ ಹತ್ತಿರ ಕೂತರೆ ಹೆಬ್ಬಾಳದ ಕೆರೆ ದಡದಲ್ಲಿ ಕೂತಂತೆ ಆಗುತ್ತಿತ್ತು ಎಂದರು. ಒಂದು ದಿನ ಗೆಂಡೆಯ ಜಾತಿಯದೇ ದೊಡ್ಡ ಮೀನು ಸಿಕ್ಕಿತು. ಪೇಪರಿನಲ್ಲಿ ಸುತ್ತಿ ಬಸ್ಸಿನಲ್ಲಿ ರೂಮಿಗೆ ತಂದು, ಹುಳಿ ಹಾಕಿ ಸಾರು ಮಾಡಿ, ಊರಿನ ನೆನಪಿನಲ್ಲಿ ಕಣ್ಣೀರು ಹಾಕಿಕೊಂಡು ಉಂಡರು. ಅಲ್ಲಿ ಶ್ರೀಮಂತರ ಹೊಳೆಯ ಮೀನು ಬೇರೆ, ಅದನ್ನು ತಿನ್ನಬಹುದು. ಕೂಲಿಯವರ ಕೊಳದ ಮೀನು ಬೇರೆ, ಅದನ್ನು ಹಿಡಿದು, ತೂಗಿ, ತಿರುಗಿ ಬಿಡಬೇಕು. ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ವಿಷಯ ಎಂದೇ ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

“ಆ ಮೀನಿಗೆ ಒಂದು ಹೆಸರಿತ್ತು ಕಣಮ್ಮ. ಹೆಂಗಸಿನ ಹೆಸರು. ಅಪ್ಪ ಹಿಡಿದು ಬಿಟ್ಟಿದ್ದನ್ನ ಮಗ ಹಿಡಿದು ಬಿಟ್ಟಿದ್ದ. ಊರಿಗೆಲ್ಲ ಅದು ಗೊತ್ತಿತ್ತು.”

ಅತ್ತೆ ನನ್ನ ಕಾಲು ಒತ್ತುವುದನ್ನು ನಿಲ್ಲಿಸಿ ತಮ್ಮನನ್ನೇ ನೋಡಿದರು. ಕ್ಲಬ್ಬಿನ ಮೂವರು ಹಿರಿಯರು ಬಾಗಿಲಿಗೆ ಬಂದರಂತೆ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಮೆಲುದನಿಯಲ್ಲಿ ಮೀನು ಎಲ್ಲಿ ಎಂದು ಕೇಳಿದರು. ಇವರು ಒಲೆಯ ಮೇಲಿನ ಪಾತ್ರೆ ತೋರಿಸಿದರು, ಉಳಿದದ್ದು ಅದರಲ್ಲಿತ್ತು. ಒಬ್ಬ ಮುದುಕ ಅಲ್ಲೇ ಅತ್ತುಬಿಟ್ಟ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದರು ಮಾವ. ಕ್ಲಬ್ಬಿನಿಂದ ಹೊರಗೆ ಹಾಕಿದರು. ಫ್ಯಾಕ್ಟರಿಯ ಊಟದ ಮೇಜಿನಲ್ಲಿ ಚಳಿಗಾಲ ಕಳೆಯುವ ತನಕ ಇವರ ಪಕ್ಕ ಒಬ್ಬರೂ ಕೂರಲಿಲ್ಲ. ಕೊನೆಗೆ ಅತ್ತ ಮುದುಕನೇ ಒಂದು ದಿನ ತಟ್ಟೆ ತಂದು ಎದುರಿಗೆ ಕೂತ, ಮುಂದಿನ ಭಾನುವಾರ ಕರೆದುಕೊಂಡು ಹೋಗಿ ಕೈ ಒದ್ದೆ ಮಾಡಿಕೊಳ್ಳುವುದರಿಂದ ಹಿಡಿದು ಎಲ್ಲ ಕಲಿಸಿಕೊಟ್ಟ. ಅವತ್ತಿನಿಂದ ಹಿಡಿದ ಒಂದೊಂದು ಮೀನನ್ನೂ ಬಿಟ್ಟರು.

“ಅಲ್ಲಿ ತಿಂದೆ ಅಂತ ಓಡ್ಸಿದ್ರು. ಇಲ್ಲಿ ಬಿಟ್ಟೆ ಅಂತ... ಈ ಕೈಗೆ ಅಷ್ಟು ಹೆದರಿಕೆ ಕೂತಿದೆ ಅಂತ ನಂಗೇ ಗೊತ್ತಿರ್ಲಿಲ್ಲ ಅಕ್ಕ.”

ಅಷ್ಟು ಹೇಳಿ ಎದ್ದು ಕೋಲು ತೆಗೆದುಕೊಂಡು ಹೋದರು. ನಾನು ಮಲಗಿದ್ದಲ್ಲೇ ಹೆಂಚು ನೋಡುತ್ತಿದ್ದೆ. ಹಿಂದಿನ ದಿನ ಹಾಕಿದ ಶಾಪವನ್ನು ವಾಪಸ್ಸು ತೆಗೆದುಕೊಳ್ಳುವುದು ಹೇಗೋ ತಿಳಿಯಲಿಲ್ಲ.

ಇಳಿಹೊತ್ತಿಗೆ ಬಂದರು, ಬರೀ ಬನಿಯನ್ನಿನಲ್ಲಿ. ಅಂಗಿಯಲ್ಲಿ ಮೀನು ಸುತ್ತಿತ್ತು, ಅಂಗಿಯೆಲ್ಲ ರಕ್ತ. ಅದನ್ನು ಅಕ್ಕನ ಕೈಗಿಟ್ಟು, “ನೀರಿಂದ ದೂರ ಎತ್ಕೊಂಡು ಹೋದೆ. ಏರಿ ಹತ್ತಿ, ಆ ಕಡೆ ರಸ್ತೆಗೆ ಇಳಿದು, ಅಲ್ಲಿ ಕಲ್ಲಲ್ಲಿ ಸಾಯಿಸ್ದೆ” ಎಂದರು. ಹತ್ತಿರ ನೀರಿದ್ದರೆ ಕೈ ಮತ್ತೆ ಬಿಟ್ಟುಬಿಡುತ್ತದೆ ಎಂಬ ಭಯ. ಅತ್ತೆ ಮತ್ತೆ ಖಾರ ರುಬ್ಬಿದರು. ನಾನು ಮಂಚದ ಮೇಲೇ ಕೂತು ಎರಡು ಮುದ್ದೆ ಉಂಡೆ, ಕಕ್ಕಲಿಲ್ಲ. ಮೀನಿನ ತಲೆ ಮನೆಯ ಯಜಮಾನನಿಗೆ ಬಡಿಸುವುದು ನಮ್ಮಲ್ಲಿ ಪದ್ಧತಿ. ಅತ್ತೆ ಅವತ್ತು ಅದನ್ನು ತಮ್ಮನ ತಟ್ಟೆಗೆ ಹಾಕಿದರು. ಅವರು ತಲೆ ಬಗ್ಗಿಸಿಕೊಂಡು ಚೂರೂ ಬಿಡದೆ ತಿಂದರು. ಮೀನಿನಿಂದಲೋ ಇಂಜೆಕ್ಷನ್ನಿನಿಂದಲೋ, ಹೊಟ್ಟೆಯೊಳಗಿನದು ನಿಂತಿತು.

ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು. ನಾಮಕರಣದ ದಿನ ಎಲ್ಲರೂ ಮಗುವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಲಂಡನ್ ಮಾವನ ಸರದಿ ಬಂದಾಗ ಅವರು ಎರಡು ಹೆಜ್ಜೆ ಹಿಂದೆ ಸರಿದರು. ಹೆಣ್ಣು ಅಂತ ಅಸಡ್ಡೆನಾ ಎಂದು ಅತ್ತೆ ರೇಗಿದರು. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, “ಈ ಕೈ ನಂಬೋಕಾಗಲ್ಲ ಅಕ್ಕ” ಎಂದರು. ನಾನು ತಮಾಷೆ ಎಂದುಕೊಂಡು ನಗಲು ಹೊರಟೆ. ಅವರ ಮುಖ ನೋಡಿ ನಗು ಬತ್ತಿತು. ಆಮೇಲೆ ಮೂರು ವರ್ಷ ಅವರು ಆ ಮಗುವನ್ನು ಒಂದು ಸಲವೂ ಎತ್ತಿಕೊಳ್ಳಲಿಲ್ಲ. ಅದು ತಾತ ತಾತ ಎಂದು ಮೈಮೇಲೆ ಹತ್ತಿದರೆ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಬರೀ ತಲೆ ಆಡಿಸಿ ಆಟವಾಡಿಸುತ್ತಿದ್ದರು. ನಾವೂ ರೂಢಿ ಮಾಡಿಕೊಂಡೆವು. ಎಂಥ ವಿಚಿತ್ರಕ್ಕೂ ಮನುಷ್ಯರು ಒಗ್ಗಿಕೊಳ್ಳುತ್ತಾರೆ.

ಮಗಳಿಗೆ ಮೂರು ತುಂಬಿದ ವರ್ಷ, ಬೀದಿಯ ಗಣೇಶನನ್ನು ಕೆರೆಗೆ ಬಿಡಲು ಎಲ್ಲರೂ ಹೋಗಿದ್ದೆವು. ತಮಟೆ, ನೂಕುನುಗ್ಗಲು. ಮಗಳ ಕೈ ಹಿಡಿದುಕೊಂಡಿದ್ದೆ, ಹಿಂದಿನಿಂದ ಯಾರೋ ನುಗ್ಗಿದರು, ಕೈ ತಪ್ಪಿತು. ಜೇಡಿಮಣ್ಣಿನಲ್ಲಿ ಅವಳು ಜಾರುತ್ತ ಹೋದದ್ದು, ಫ್ರಾಕು ನೀರಿನ ಮೇಲೆ ಉಬ್ಬಿದ್ದು ನೋಡಿದೆ. ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಹೋಗಿ ಅವಳ ತೋಳು ಹಿಡಿದು ಮೇಲಕ್ಕೆಳೆಯಿತು. ಲಂಡನ್ ಮಾವ.

ಎಳೆದವರು ಬಿಡಲಿಲ್ಲ. ಮಗು ನೋವಿನಿಂದ ಕಿರುಚುತ್ತಿತ್ತು. “ಮಾವ, ಬಿಡಿ, ನನ್ನ ಹತ್ರ ಕೊಡಿ” ಎಂದೆ. “ಬಿಡಲ್ಲ” ಎಂದರು. ಯಜಮಾನರು ಬೇಡಿಕೊಂಡರು, ಬಿಡಲ್ಲ ಎಂದರು. ಏರಿ ದಾಟಿ, ರಸ್ತೆ ದಾಟಿ, ಊರೊಳಗೆ ಮನೆ ಬಾಗಿಲಿನವರೆಗೆ ಹಾಗೇ ಎದೆಗೆ ಒತ್ತಿಕೊಂಡು, ತೋಳಿನ ಹಿಡಿತ ಸಡಿಲಿಸದೆ ನಡೆದರು. ದಾರಿಯಲ್ಲಿ ಕಂಡವರು ಏನೋ ಅನಾಹುತ ಎಂದು ನಿಂತು ನೋಡುತ್ತಿದ್ದರು. ಕೊನೆಗೆ ಅತ್ತೆ ಅವರನ್ನು ಜಗಲಿಯ ಮೇಲೆ ಕೂರಿಸಿ, “ಬಂತು ಕಣಪ್ಪ, ಮನೆ ಬಂತು” ಎನ್ನುತ್ತ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಮಗುವಿನ ತೋಳಿನ ಮೇಲೆ ಐದು ಬೆರಳೂ ನೀಲಿಗಟ್ಟಿ ಮೂಡಿದ್ದವು. ಅದನ್ನು ನೋಡಿ ಅವರು ಜಗಲಿಯ ಮೇಲೆ ಕೂತು ದೊಡ್ಡ ದನಿ ತೆಗೆದು ಅತ್ತರು. ಅಷ್ಟು ವಯಸ್ಸಾದ ಗಂಡಸು ಹಾಗೆ ಅಳುವುದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅದಾದ ಮೇಲೆ ಮಗಳು ನೆಲಕ್ಕೆ ಕಾಲಿಟ್ಟದ್ದೇ ಕಡಿಮೆ. ಅವರ ಹೆಗಲು, ಅವರ ತೊಡೆ, ಅವರ ಕೈ. ಆದರೆ ಆ ಸುಖ ನಾಲ್ಕು ತಿಂಗಳೂ ಉಳಿಯಲಿಲ್ಲ. ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ ಎದೆನೋವು ಎಂದರು, ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆಗಿಹೋಗಿತ್ತು...

ಇಷ್ಟನ್ನೂ ಮೊನ್ನೆ ಅಡುಗೆಮನೆಯಲ್ಲಿ ಕೂತು ಮಗಳಿಗೆ ಹೇಳಿದೆ. ನಡುನಡುವೆ ನಕ್ಕಳು, ಹುಳುವಿನ ಮಾತಿಗೆ ಮುಖ ಕಿವಿಚಿದಳು. ಗಣೇಶನ ಕಥೆ ಬಂದಾಗ ಕೈಲಿದ್ದ ಡಬ್ಬ ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು.

“ಅಮ್ಮ, ಆ ವಯಸ್ಸಿಂದು ನಂಗೆ ಒಂದೇ ಒಂದು ನೆನಪಿರೋದು. ಯಾರೋ ಒಬ್ರು ತೋಳು ಹಿಂಡ್ತಿದ್ದಾರೆ, ನಾನು ಎಷ್ಟು ಅತ್ರೂ ಬಿಡ್ತಿಲ್ಲ. ಯಾರೋ ಮಕ್ಕಳ ಕಳ್ಳ ನನ್ನ ಎತ್ಕೊಂಡು ಹೋಗೋಕೆ ಬಂದಿದ್ದ, ನೀವು ನನ್ನ ಹತ್ರ ಮುಚ್ಚಿಟ್ಟಿದ್ದೀರ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಈಗ್ಲೂ ಕನಸಲ್ಲಿ ಬರ್ತಾನೆ.”

ಅತ್ತೆ ಹೋದರು, ಯಜಮಾನರು ಹೋದರು. ಲಂಡನ್ ಮಾವನನ್ನು ಈ ಲೋಕದಲ್ಲಿ ನೆನಪಿಟ್ಟುಕೊಂಡವರು ನಾವಿಬ್ಬರೇ. ಅದರಲ್ಲಿ ಒಬ್ಬಳ ತಲೆಯೊಳಗೆ ಅವರು ನಲವತ್ತು ವರ್ಷ ಮಕ್ಕಳ ಕಳ್ಳನಾಗಿ ಕೂತಿದ್ದರು.

“ಕಳ್ಳ ಅಲ್ಲ ಕಣೇ, ಅವರು” ಎಂದೆ.

ಮಗಳು ತೋಳಿನ ಬಟ್ಟೆ ಮೇಲಕ್ಕೆ ಸರಿಸಿ ಅಲ್ಲಿ ನೋಡಿಕೊಂಡಳು. ಅಲ್ಲಿ ಏನಿರುತ್ತದೆ. “ಅವರದ್ದು ಒಂದು ಫೋಟೋ ಆದ್ರೂ ಇದ್ಯಾ ಅಮ್ಮ, ಮುಖ ನೋಡ್ಬೇಕು” ಎಂದಳು.

ಇಲ್ಲ ಎಂದೆ.